ಕಂಪ್ಯೂಟರ್ ಕೆಟ್ಟಾಗ ಮಗು ಯಾಕೆ ಬಾಯಿ ಬಿಡುವುದಿಲ್ಲ?

‘ನಾ ಏನೂ ಮಾಡಿಲ್ಲ.’ ಮನೆಯ ಕಂಪ್ಯೂಟರ್ ಕೈಕೊಟ್ಟ ದಿನ ಮಕ್ಕಳಿಂದ ಮೊದಲು ಬರುವ ಮಾತು ಇದೇ. ಪುಕ್ಕಟೆ ಸಿಕ್ಕ ಆಟವೊಂದನ್ನು ಇಳಿಸಿಕೊಂಡಿರಬಹುದು, ವಿಡಿಯೊ ನೋಡಿ ವಿಂಡೋಸ್ ಜಾಗದಲ್ಲಿ ಲಿನಕ್ಸ್ ಹಾಕಲು ಹೋಗಿರಬಹುದು. ಬೆಳಗಾವಿ ಜಿಲ್ಲೆಯ ನಿಡಸೋಸಿ, ಸಂಕೇಶ್ವರದ ಕಡೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಕಂಪ್ಯೂಟರ್. ಹೊಲದ ಉತಾರ, ಕಬ್ಬಿನ ಬಿಲ್ಲು, ಮದುವೆಯ ಫೋಟೊ, ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಅಣ್ಣನ ಪ್ರಾಜೆಕ್ಟ್ ಎಲ್ಲವೂ ಅದರಲ್ಲೇ. ನಿಮಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನ ಬುಡದಲ್ಲಿರುವುದು ಎಲ್ಲ ಹೋಯಿತೇನೋ ಎಂಬ ಅಂಜಿಕೆ. ಮಗುವಿಗೂ ಅದೇ ಅಂಜಿಕೆ, ಅದಕ್ಕೇ ಬಾಯಿ ಬಿಡುವುದಿಲ್ಲ.

ಮುಚ್ಚಿಟ್ಟಷ್ಟೂ ನಷ್ಟ ದೊಡ್ಡದಾಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಫೈಲ್ ಅಳಿಸಿದರೆ ಅದು ಆ ಕ್ಷಣಕ್ಕೇ ಮಾಯವಾಗುವುದಿಲ್ಲ. ಆ ಜಾಗ ಖಾಲಿ ಇದೆ ಎಂದು ಗುರುತಾಗುತ್ತದೆ, ಅಷ್ಟೆ. ಮೇಲೆ ಬೇರೇನಾದರೂ ಬರೆಯುವವರೆಗೆ ಹುಡುಕಿ ತೆಗೆಯಲು ಸಾಧ್ಯವುಂಟು. (ಹೊಸ ಎಸ್‌ಎಸ್‌ಡಿಗಳಲ್ಲಿ ಈ ಅವಕಾಶ ಬಹಳ ಕಡಿಮೆ.) ಕೂಡಲೇ ಹೇಳಿದ್ದರೆ ಕಂಪ್ಯೂಟರ್ ಆರಿಸಿ ಉಳಿಸಿಕೊಳ್ಳಬಹುದಿತ್ತು. ಬೈಗುಳಕ್ಕೆ ಹೆದರಿದ ಮಗು ತಾನೇ ಸರಿಮಾಡಲು ಹೊಸ ಹೊಸ ಸಾಫ್ಟ್‌ವೇರ್ ತುಂಬುತ್ತದೆ, ಹಳೆಯದರ ಮೇಲೆ ಬರೆಯುತ್ತದೆ.

‘ಇನ್ನ ಮುಟ್ಟಬ್ಯಾಡ’ ಎಂದು ಪಾಸ್‌ವರ್ಡ್ ಹಾಕಿದರೆ ಕುತೂಹಲ ಸಾಯುವುದಿಲ್ಲ, ನೀವು ಮಲಗಿದ ಮೇಲೆ ಎದ್ದು ಕೂರುತ್ತದೆ. ಮಗುವನ್ನು ತಡೆಯುವ ಬದಲು ನಷ್ಟವನ್ನೇ ತಡೆಯಬಹುದಲ್ಲ? ಅದಕ್ಕಿರುವ ದಾರಿ ಡಿಸ್ಕ್ ಇಮೇಜ್: ವಿಂಡೋಸ್, ಸೆಟ್ಟಿಂಗ್, ಸಾಫ್ಟ್‌ವೇರ್, ಕಡತಗಳ ಸಮೇತ ಇಡೀ ಡಿಸ್ಕಿನ ಅಂದಿನ ಸ್ಥಿತಿಯ ಪ್ರತಿ. ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಫೋಟೊ ಮಾತ್ರ ಉಳಿಯುತ್ತದೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದರೆ ವಿಂಡೋಸ್ ಬರುತ್ತದೆ, ನುಡಿ ತಂತ್ರಾಂಶ, ಪ್ರಿಂಟರ್ ಎಲ್ಲ ಮತ್ತೆ ಮೊದಲಿನಿಂದ ಹಾಕಬೇಕು. ಇಮೇಜ್ ಇದ್ದರೆ ಕಂಪ್ಯೂಟರ್ ಅದನ್ನು ತೆಗೆದ ದಿನಕ್ಕೆ ಹಿಂದಿರುಗುತ್ತದೆ.

ಇಮೇಜ್ ತೆಗೆಯಲು ಹಲವರು ಬಳಸುತ್ತಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿ 2024ರ ಜನವರಿಗೆ ನಿಂತಿತು. ತೈವಾನಿನ ಕ್ಲೋನ್‌ಜಿಲ್ಲಾ ಈಗಲೂ ಉಚಿತ. ಅದನ್ನು ಪೆನ್‌ಡ್ರೈವ್‌ನಲ್ಲಿ ಸಿದ್ಧಮಾಡಿ, ಕಂಪ್ಯೂಟರನ್ನು ಅದರಿಂದಲೇ ಶುರುಮಾಡಬೇಕು. ವಿಂಡೋಸ್ ಏಳದಿದ್ದಾಗಲೂ ಇದು ನಡೆಯುತ್ತದೆ. ಪರದೆಯ ತುಂಬ ಬರೀ ಅಕ್ಷರಗಳು, ನೋಡಲು ಚೆಂದವಿಲ್ಲ. ಅಪಾಯ ಒಂದೇ ಕಡೆ: ಯಾವುದರಿಂದ ಯಾವುದಕ್ಕೆ ಎಂಬುದು ತಿರುಗುಮುರುಗಾದರೆ ಡಿಸ್ಕೇ ಅಳಿಸಿಹೋದೀತು. ಆದ್ದರಿಂದ ಮಗು ಡಿಸ್ಕಿನ ಹೆಸರು, ಅಳತೆ ಗಟ್ಟಿಯಾಗಿ ಓದಲಿ, ನೀವು ಹೌದೆಂದ ಮೇಲೆ ಎಂಟರ್ ಒತ್ತಲಿ. ಇಂಗ್ಲಿಷ್ ಬಾರದ ತಂದೆತಾಯಿಗೂ ಅಂಕಿ ತಾಳೆ ನೋಡಲು ಬರುತ್ತದೆ. ಉಳಿಸಿದ ಇಮೇಜ್ ಮರಳಿ ಹಾಕಲು ಬರುವಂತಿದೆಯೇ ಎಂದು ಪರೀಕ್ಷಿಸುವ ಆಯ್ಕೆಯೂ ಕೊನೆಗೆ ಇದೆ, ಅದನ್ನು ಬಿಡಬೇಡಿ.

ಮರಳಿಸುವಾಗ ನೆನಪಿಡಬೇಕಾದದ್ದು ತಾರೀಖು. ಇಮೇಜ್ ತೆಗೆದ ನಂತರ ಸೇರಿದ ಕಡತಗಳು ಅದರಲ್ಲಿರುವುದಿಲ್ಲ, ಅವನ್ನು ಮೊದಲು ಬೇರೆಡೆ ನಕಲು ಮಾಡಿಕೊಳ್ಳಿ. ವಿಂಡೋಸ್ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ ಕೀಲಿಸಂಖ್ಯೆ ಕಾಗದದ ಮೇಲೂ ಇರಲಿ.

ಇಮೇಜನ್ನು ಅದೇ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿಟ್ಟು ನಿಶ್ಚಿಂತರಾಗುವವರಿದ್ದಾರೆ. ಡಿಸ್ಕ್ ಸುಟ್ಟರೆ ಸಿ, ಡಿ ಎರಡೂ ಹೋಗುತ್ತವೆ. ಹೊರಗಿನ ಹಾರ್ಡ್ ಡಿಸ್ಕ್ ಬೇಕು, ಅದನ್ನೂ ಕೆಲಸ ಮುಗಿದೊಡನೆ ಕಳಚಿಡಬೇಕು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವನ್ನಾಕ್ರೈನಂಥ ಹಣ ಕೀಳುವ ವೈರಸ್‌ಗಳು ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. 2019ರ ಆಗಸ್ಟ್‌ನಲ್ಲಿ ಗೋಕಾಕಕ್ಕೆ ಘಟಪ್ರಭೆ ನುಗ್ಗಿದ್ದನ್ನು ಕಂಡವರಿಗೆ ಡಿಸ್ಕನ್ನು ನೆಲಮಟ್ಟದ ಕಪಾಟಿನಲ್ಲಿ ಇಡಬೇಡಿ ಎಂದು ಹೇಳಬೇಕಿಲ್ಲ. ನದಿದಂಡೆಯವರಾದರೆ ಮಳೆಗಾಲಕ್ಕೆ ಮುಂಚೆ ಒಂದು ಪ್ರತಿಯನ್ನು ಬೇರೆ ಊರಿನ ಬೀಗರ ಮನೆಯಲ್ಲಿ ಇಟ್ಟು ಬನ್ನಿ. ಡಿಸ್ಕಿನ ಮೇಲೆ ಚೀಟಿ ಅಂಟಿಸಿ ತಾರೀಖು ಬರೆಯುವ ಕೆಲಸ ಮಗುವಿಗಿರಲಿ.