ಕ್ಲಾಸ್ ಮುಗೀತು, ಈಗ ನಿಮ್ಮ ಸರದಿ

ಶಿಷ್ಯತ್ವ ತರಗತಿ ಮುಗಿಸಿದ ನೀವು ಈ ಸಾರಿ ಹೊಸಬರಿಗೆ ಮೆಂಟರ್ ಆಗಬೇಕು ಅಂತ ಕೇಳಿದ್ದೇವೆ. ತುಂಬಾ ಜನ ನನಗೆ ಕೊಟ್ಟ ಉತ್ತರ ಒಂದೇ: "ಪಾಸ್ಟರ್, ನನಗೇ ಇನ್ನೂ ಸರಿಯಾಗಿ ಗೊತ್ತಿಲ್ಲ, ನಾನೇನು ಕಲಿಸಲಿ?"

ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ತೆಗೆಯಿರಿ. ಅಕ್ವಿಲ, ಪ್ರಿಸ್ಕಿಲ್ಲ ಗಂಡ ಹೆಂಡತಿ. ಚಕ್ರವರ್ತಿಯ ಆಜ್ಞೆಯಿಂದ ರೋಮ್ ಬಿಟ್ಟು ಕೊರಿಂಥಕ್ಕೆ ಬಂದವರು. ಗುಡಾರ ಮಾಡುವುದು ಅವರ ಕಸುಬು. ಪೌಲನದೂ ಅದೇ ಕಸುಬು, ಆದ್ದರಿಂದ ಅವರ ಜೊತೆಯಲ್ಲೇ ಇದ್ದು ಕೆಲಸ ಮಾಡಿದ. ಆ ಊರಲ್ಲಿ ಅವನು ಒಂದೂವರೆ ವರ್ಷ ಇದ್ದ. ಆಮೇಲೆ ಇವರಿಬ್ಬರನ್ನು ಎಫೆಸದಲ್ಲಿ ಬಿಟ್ಟು ಮುಂದಕ್ಕೆ ಹೊರಟ. ಗುರು ಊರಲ್ಲಿ ಇಲ್ಲದಾಗಲೇ ಅಪೊಲ್ಲೋಸ ಬಂದ. ಒಳ್ಳೆ ಮಾತುಗಾರ, ಶಾಸ್ತ್ರ ಬಲ್ಲವನು, ಆದರೆ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಈ ದಂಪತಿ ಮಾಡಿದ ಮೂರು ಕೆಲಸ ಗಮನಿಸಿ.

ಒಂದು, ಮೊದಲು ಕೇಳಿಸಿಕೊಂಡರು. ಅವನಿಗೆ ಏನು ಗೊತ್ತು, ಎಲ್ಲಿ ಕೊರತೆ ಅಂತ ತಿಳಿದ ಮೇಲೆಯೇ ಮಾತಾಡಿದರು.

ಎರಡು, ಸಭಾಮಂದಿರದಲ್ಲಿ ಎಲ್ಲರೆದುರು ತಿದ್ದಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ಹೋಗಿ ವಿವರಿಸಿದರು. ವಾಟ್ಸಾಪ್ ಗ್ರೂಪಲ್ಲಿ ತಿದ್ದುವವರೇ, ಇದು ನಮಗೆ!

ಮೂರು, ಅವನನ್ನು ತಮ್ಮ ಹತ್ತಿರವೇ ಕಟ್ಟಿಹಾಕಲಿಲ್ಲ. ಅಖಾಯಕ್ಕೆ ಹೋಗುತ್ತೇನೆ ಅಂದಾಗ ಸಹೋದರರು ಪತ್ರ ಬರೆದು ಕಳುಹಿಸಿದರು. ಅವನು ಹೋಗಿ ಸೇರಿದ್ದು ಕೊರಿಂಥಕ್ಕೆ, ಇವರು ಪೌಲನ ಜೊತೆ ಇದ್ದ ಅದೇ ಊರಿಗೆ. ಪೌಲ ನೆಟ್ಟದ್ದಕ್ಕೆ ಅಪೊಲ್ಲೋಸ ನೀರು ಹೊಯ್ದ. ಹಲ್ಲೆಲೂಯ!

"ಇದರಿಂದ ನನಗೇನು?" ಅಂತ ಕೇಳಬಹುದು. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಪಟ್ಟಣ. ಕುಡಿತ ಬಿಟ್ಟು ಐದೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಬಂದ ವ್ಯವಹಾರ ಕೈಕೊಟ್ಟಿತ್ತು. ಹೋಟೆಲ್ ಲಾಬಿಯಲ್ಲಿ ನಿಂತಿದ್ದಾನೆ, ಪಕ್ಕದಲ್ಲೇ ಬಾರ್ ಕರೆಯುತ್ತಿದೆ. ಅವನು ಬಾರಿಗೆ ಹೋಗದೆ ಸಭೆಗಳಿಗೆ ಫೋನ್ ಮಾಡಿ, ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿದ. ಹೀಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಹದಿನೈದೇ ನಿಮಿಷ ಅಂತ ಬಂದವರು ಗಂಟೆಗಟ್ಟಲೆ ಕೂತರು. ಬಿಲ್ ಉಪದೇಶ ಮಾಡಲಿಲ್ಲ, ತನ್ನ ಕಥೆ ಹೇಳಿದ. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹಾಗೆ. ಇಂದಿಗೂ ಅಲ್ಲಿ ಕುಡಿತ ಬಿಟ್ಟವರೇ ಹೊಸಬರ ಕೈ ಹಿಡಿಯುತ್ತಾರೆ, ಹಿಡಿದವರು ತಾವೂ ನಿಲ್ಲುತ್ತಾರೆ.

ಪ್ರಿಯರೇ, ಹೊಸಬರಿಗೆ ಬೇಕಾಗಿರೋದು ಎಲ್ಲಾ ಬಲ್ಲ ಪಂಡಿತ ಅಲ್ಲ, ಎರಡು ಹೆಜ್ಜೆ ಮುಂದಿರುವ ಒಬ್ಬ ಅಣ್ಣ, ಒಬ್ಬ ಅಕ್ಕ. ಊರು ಬಿಟ್ಟು ಪಿಜಿಯಲ್ಲಿ ಒಬ್ಬಂಟಿಯಾಗಿರುವ ಹುಡುಗ ಮೂರನೇ ಭಾನುವಾರ ಬರದಿದ್ದರೆ, ಫೋನ್ ಮಾಡುವವರು ಯಾರು? ಯಾರೂ ಮಾಡದಿದ್ದರೆ ನಾಲ್ಕನೇ ಭಾನುವಾರವೂ ಅವನು ಬರೋದಿಲ್ಲ.

ಆದ್ದರಿಂದ ಈ ವಾರ ಒಬ್ಬರೇ ಒಬ್ಬರನ್ನು ಆರಿಸಿಕೊಳ್ಳಿ, ಸಹೋದರರು ಸಹೋದರನನ್ನು, ಸಹೋದರಿಯರು ಸಹೋದರಿಯನ್ನು. ಜೊತೆಗೆ ಕಾಫಿ ಕುಡಿಯಿರಿ. ಅವರ ಮಾತು ಕೇಳಿ, ಆಮೇಲೆ ನಿಮ್ಮ ಸಾಕ್ಷಿ ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಬದುಕೇ ಬೇಡ ಅನ್ನುವಂಥ ಮಾತು ಬಂದರೆ ನೀವೊಬ್ಬರೇ ಹೊರಬೇಡಿ. ಪ್ರಾರ್ಥನೆಯೂ ಮಾಡಿ, ತಡಮಾಡದೆ ನಮಗೂ ಡಾಕ್ಟರಿಗೂ ತಿಳಿಸಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಕೈ ಹಿಡಿದು ನಡೆಸಿದವರಿಗಾಗಿ ಸ್ತೋತ್ರ. ನಾವು ಕೈ ಹಿಡಿಯಬೇಕಾದ ಆ ಒಬ್ಬರನ್ನು ತೋರಿಸು. ಆಮೆನ್.