ತೆಂಗಿನ ಮರಕ್ಕೆ ಉಣಿಸುವವನು ಯಾರು?

ತಿಪಟೂರು ತಾಲೂಕಿನ ಹೊನ್ನವಳ್ಳಿಯ ಸುತ್ತಮುತ್ತ ತೆಂಗಿನ ಬುಡಕ್ಕೆ ಗೊಬ್ಬರ ಹಾಕಿದ ರೈತನು "ಮರಕ್ಕೆ ಊಟ ಹಾಕಿದೆ" ಎನ್ನುವುದುಂಟು. ಮಾತು ಸಹಜವೇ. ಆದರೆ ಗೊಬ್ಬರವು ನಿಜಕ್ಕೂ ಮರದ ಊಟವೇ? ಈ ಪ್ರಶ್ನೆಯಲ್ಲಿ ನಮ್ಮ ಈಮಾನಿಗೂ ನಡತೆಗೂ ಒಂದು ಪಾಠವಿದೆ.

ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಸುಮಾರು 90 ಕಿಲೋ ಒಣಮಣ್ಣು ತುಂಬಿದ ತೊಟ್ಟಿಯಲ್ಲಿ ವಿಲ್ಲೋ ಮರದ ಸಸಿಯೊಂದನ್ನು ನೆಟ್ಟು, ಐದು ವರ್ಷ ಬರೀ ನೀರೆರೆದರು. ಈ ಪ್ರಯೋಗದ ವಿವರ 1648ರಲ್ಲಿ ಪ್ರಕಟವಾಯಿತು. ಎರಡು ಕಿಲೋಗಿಂತ ತುಸು ಹೆಚ್ಚಿದ್ದ ಸಸಿ 75 ಕಿಲೋ ಮೀರಿ ಬೆಳೆದಿತ್ತು. ಮಣ್ಣಿನಲ್ಲಿ ಕಡಿಮೆಯಾದುದು 60 ಗ್ರಾಮಿನಷ್ಟೂ ಇಲ್ಲ! ಮರವೆಲ್ಲ ನೀರಿನಿಂದಲೇ ಆಯಿತೆಂದು ಅವರು ಭಾವಿಸಿದರು. ಗಾಳಿಯ ಪಾಲು ಹೊಳೆಯಲಿಲ್ಲ. ಹಸಿರೆಲೆಯ ಕೆಲಸಕ್ಕೆ ಬೆಳಕು ಬೇಕೆಂಬುದನ್ನು 1779ರಲ್ಲಿ ಇಂಗೆನ್‌ಹೌಸ್ ತೋರಿಸಿಕೊಟ್ಟರು.

ತೆಂಗಿನ ಅಡುಗೆಮನೆ ಇರುವುದು ಬುಡದಲ್ಲಲ್ಲ, ತುದಿಯ ಗರಿಗಳಲ್ಲಿ. ಬೇರು ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಹೀರಿ ಮೇಲಕ್ಕೆ ಕಳುಹಿಸುತ್ತದೆ. ಗರಿಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಪತ್ರಹರಿತ್ತು ಎಂಬ ಹಸಿರು ವಸ್ತು ಬಿಸಿಲನ್ನು ಹಿಡಿಯುತ್ತದೆ. ಇವು ಕೂಡಿದಾಗ ಸಕ್ಕರೆ ಸಿದ್ಧವಾಗುತ್ತದೆ. ನಾವು ಉಸಿರಾಡುವ ಆಮ್ಲಜನಕ ಹೊರಬೀಳುತ್ತದೆ. ಇದನ್ನೇ ದ್ಯುತಿಸಂಶ್ಲೇಷಣೆ ಎನ್ನುತ್ತಾರೆ. ಆ ಸಕ್ಕರೆಯೇ ಮುಂದೆ ಎಳನೀರಿನ ಸಿಹಿಯೂ ಕೊಬ್ಬರಿಯ ಎಣ್ಣೆಯೂ ಆಗುತ್ತದೆ. ಗೊಬ್ಬರವಾದರೋ ಅಡುಗೆಯ ಉಪ್ಪಿನಂತೆ. ಉಪ್ಪಿಲ್ಲದೆ ಅಡುಗೆಯಿಲ್ಲ, ಆದರೆ ಉಪ್ಪೇ ಊಟವಲ್ಲ.

ಬರಗಾಲದಲ್ಲಿ ನೀರು ಉಳಿಸಿಕೊಳ್ಳಲು ಮರವು ಆ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಬಿಸಿಲು ಧಾರಾಳವಾಗಿದ್ದರೂ ಗಾಳಿ ಒಳಬರದೆ ಒಲೆ ಆರುತ್ತದೆ, ಎಳೆ ಹರಳುಗಳು ಉದುರುತ್ತವೆ. ಕೊಳವೆಬಾವಿ ಬತ್ತಿದವರ ತೋಟಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಆದುದರಿಂದ ಕಾಯಿ ಸುಲಿದ ಸಿಪ್ಪೆಯನ್ನು ಸುಟ್ಟು ಹಾಳುಮಾಡಬಾರದು. ಬುಡದ ಸುತ್ತ ಹೂತರೆ ತೇವ ನಿಲ್ಲುತ್ತದೆ, ಅದರ ಪೊಟ್ಯಾಷ್ ಮಣ್ಣಿಗೇ ಮರಳುತ್ತದೆ. ದುಂದು ಮಾಡದಿರುವುದೂ ದೀನಿನ ಭಾಗವೇ.

ಬೆಳೆಸುವವನು ಯಾರೆಂಬ ಪ್ರಶ್ನೆಯನ್ನು ಅಲ್ಲಾಹನು 'ಅಲ್ ವಾಕಿಅಃ' ಅಧ್ಯಾಯದಲ್ಲಿ ಬಿತ್ತುವವನ ಮುಂದಿಡುತ್ತಾನೆ. ನಾವು ಬಿಸಿಲಿಗೆ ಬೆಲೆ ಕೊಟ್ಟಿಲ್ಲ, ಗಾಳಿಗೆ ಕಂದಾಯ ಕಟ್ಟಿಲ್ಲ. ಹೀಗಿರುವಾಗ ಫಸಲೆಲ್ಲ ನನ್ನದೇ ಎನ್ನುವುದು ಹೇಗೆ? ಮಳೆನೀರಿನ ಬೆಳೆಯಲ್ಲಿ ಹತ್ತರಲ್ಲೊಂದು, ಶ್ರಮಪಟ್ಟು ನೀರೆತ್ತಿದ ಬೆಳೆಯಲ್ಲಿ ಇಪ್ಪತ್ತರಲ್ಲೊಂದು ಪಾಲನ್ನು ಪ್ರವಾದಿವರ್ಯರು(ಸ) ನಿಗದಿಪಡಿಸಿದರು. ನಮ್ಮ ದುಡಿಮೆಗೆ ರಿಯಾಯಿತಿಯಿದೆ, ಆದರೆ ಕೊಡುವುದರಿಂದ ಬಿಡುಗಡೆಯಿಲ್ಲ. ತೆಂಗಿಗೆ ಈ ಉಶ್ರ್ ಕಡ್ಡಾಯವೇ ಎಂಬಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ತಮ್ಮ ಉಲಮಾಗಳನ್ನು ಕೇಳಿ ನಡೆಯಬೇಕು. ಸದಕಕ್ಕಂತೂ ಯಾರ ಅಡ್ಡಿಯೂ ಇಲ್ಲ. ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಸದಕವೆಂದು ಹದೀಸ್ ಕಲಿಸುತ್ತದೆ.

ಅಟ್ಟದಿಂದ ಕೊಬ್ಬರಿ ಇಳಿಸಿ ತಿಪಟೂರು ಮಾರುಕಟ್ಟೆಗೆ ಸಾಗಿಸುವ ಮುನ್ನ ನೆರೆಮನೆಯ ವಿಧವೆಯ, ಕಾಯಿ ಸುಲಿದ ಬಡ ಕೂಲಿಯವನ ನೆನಪಾಗಲಿ. ಗರಿಗಳು ದುಡಿದುದನ್ನು ತಾವೇ ಇಟ್ಟುಕೊಳ್ಳದೆ ಬೇರಿಗೂ ಕಾಯಿಗೂ ಹಂಚುತ್ತವೆ. ಅಲ್ಲಾಹನು ನಮ್ಮನ್ನೂ ಹಂಚಿ ಉಣ್ಣುವ ಕೃತಜ್ಞ ದಾಸರಲ್ಲಿ ಸೇರಿಸಲಿ. ಆಮೀನ್.