ರಾಧಾಬಾಯಿ ಪಾತ್ರವನ್ನು ಸಣ್ಣದೆನ್ನಬೇಡಿ

ಗಿರೀಶ ಕಾರ್ನಾಡರ ‘ಮದುವೆ ಅಲ್ಬಮ್’ ನಾಟಕ ಆಡುತ್ತೇವೆ ಎಂದು ನೀವು ಹೇಳಿದಾಗ ಮನಸ್ಸು ತುಂಬಿ ಬಂತು, ಮಕ್ಕಳೇ. ಹಗಲೆಲ್ಲ ಆಫೀಸಿನಲ್ಲಿ ದುಡಿದು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಬಂದು ತಾಲೀಮಿಗೆ ನಿಲ್ಲುವವರು ನೀವು. ನಾಲ್ಕು ಮಾತು ಹೇಳುತ್ತೇನೆ, ಕೇಳಿ.

1961ರ ‘ಯಯಾತಿ’ಯಲ್ಲಿ ಪುರಾಣಕ್ಕೆ, 1964ರ ‘ತುಘಲಕ್’ನಲ್ಲಿ ಇತಿಹಾಸಕ್ಕೆ ಹೋಗಿದ್ದ ಕಾರ್ನಾಡರು ಇಲ್ಲಿ ತಮ್ಮದೇ ಧಾರವಾಡದ ಒಂದು ಸಾರಸ್ವತ ಮನೆಯೊಳಗೆ ಬಂದು ಕೂತಿದ್ದಾರೆ. ಆ ಮನೆಯ ನಾಡಕರ್ಣಿಯವರ ಮಗಳು ವಿದುಲಾಳ ಮದುವೆ. ವರ ಅಶ್ವಿನ್ ಅಮೆರಿಕದಲ್ಲಿ ನೆಲೆಸಿದವನು. ಅಕ್ಕ ಹೇಮಾ ಆಸ್ಟ್ರೇಲಿಯಾದಿಂದ ಬಂದಿದ್ದಾಳೆ. ಹುಡುಗನಿಗೆ ಕಳಿಸಲೆಂದು ಅಣ್ಣ ರೋಹಿತ್ ವಿದುಲಾಳ ವಿಡಿಯೊ ತೆಗೆಯುವುದರಿಂದಲೇ ನಾಟಕ ಶುರು. ಹಿರಿಯರು ಕುದುರಿಸುವ ಸಂಬಂಧಕ್ಕೆ ಹೊಸ ಕಾಲದ ಕ್ಯಾಮೆರಾ! ಹೀಗಿರುವಾಗ ಸಂಪ್ರದಾಯ ಆ ಕಡೆ, ಆಧುನಿಕತೆ ಈ ಕಡೆ ಎಂದು ರಂಗವನ್ನು ಇಬ್ಭಾಗ ಮಾಡಿದರೆ ನಾಟಕ ಕೆಟ್ಟಂತೆಯೇ. ಈ ಮನೆಯ ಪ್ರತಿಯೊಬ್ಬರಿಗೂ ಎರಡೂ ಬೇಕು.

ಕ್ಯಾಮೆರಾ ಮುಂದೆ ತಡವರಿಸುವ ವಿದುಲಾಳನ್ನು ಜನ ನಗಲಿ ಎಂದು ಪೆದ್ದಿ ಮಾಡಬೇಡಿ. ಅದೇ ಹುಡುಗಿ ಇಂಟರ್ನೆಟ್ ಕೆಫೆಯಲ್ಲಿ ಯಾರಿಗೂ ತಿಳಿಯದ ಇನ್ನೊಂದು ಬದುಕು ಬದುಕುತ್ತಾಳೆ, ಒಳನುಗ್ಗಿದ ಪುಂಡರಿಗೆ ಎದುರು ನಿಲ್ಲುತ್ತಾಳೆ. ಮೊದಲೇ ಪೆದ್ದಿಯಾದವಳಿಗೆ ಆ ಗಟ್ಟಿತನ ಎಲ್ಲಿಂದ ಬರಬೇಕು? ಅಶ್ವಿನ್ ಕೂಡ ಖಳನಲ್ಲ. ಭಾರತೀಯ ಸಂಸ್ಕಾರದ ಹೆಂಡತಿ ಬೇಕೆನ್ನುವಾಗ ಅವನು ಮನಸಾರೆ ನಂಬಿಯೇ ಹೇಳುತ್ತಾನೆ. ಅದೇ ಹೆದರಿಕೆ ಹುಟ್ಟಿಸುವ ಸಂಗತಿ.

ಈಗ ರಾಧಾಬಾಯಿ. ‘ಅಡುಗೆಯವಳ ಪಾತ್ರ, ಯಾರಾದರೂ ಮಾಡಲಿ’ ಎಂದಿರಂತೆ. ಬೇಡ, ನಿಮ್ಮಲ್ಲಿ ಎಲ್ಲರಿಗಿಂತ ಪಳಗಿದ ನಟಿಗೇ ಅದನ್ನು ಕೊಡಿ. ವ್ಯಾಪಾರಿಯೊಬ್ಬನ ಆಸರೆಯಲ್ಲಿದ್ದು, ಅವನು ಸತ್ತ ಮೇಲೆ ಬೀದಿಪಾಲಾದ ಮಗಳ ಸಂಕಟವನ್ನು ಹೊಟ್ಟೆಯಲ್ಲಿಟ್ಟುಕೊಂಡು ಪರರ ಮನೆಯ ಮದುವೆಗೆ ಬೇಯಿಸುವ ಹೆಂಗಸು ಅವಳು. ಮದುವೆ ಫೋಟೋಗಳಲ್ಲಿ ಇಂಥವರಿಗೆ ಜಾಗವಿಲ್ಲ. ಮಗಳ ಕಥೆ ಹೇಳುವ ಅವಳ ಮಾತುಗಳನ್ನು ಅತ್ತು ಹೇಳಬೇಡಿ. ಈಳಿಗೆ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತ, ಹೋಳು ನೀರಿಗೆ ಹಾಕುತ್ತ, ಊರಿನ ಸುದ್ದಿ ಹೇಳಿದಂತೆ ಹೇಳಿ ನೋಡಿ. ಮಗಳ ಹೆಸರು ಬಂದಲ್ಲಿ ಕೈ ಒಂದು ಕ್ಷಣ ನಿಂತರೆ ಸಾಕು. ಹಿನ್ನೆಲೆ ಸಂಗೀತವೂ ಬೇಡ.

ರಾಧಾಬಾಯಿ ಹೊಟ್ಟೆಯಲ್ಲಿಟ್ಟುಕೊಂಡಂಥ ಸಂಕಟಗಳು ನಮ್ಮಲ್ಲೂ ಇವೆ. ನಮ್ಮ ಮನೆಗಳು ಅರ್ಧ ನಿಂತಿರುವುದು ಮಾತಾಡದೆ ಬಿಟ್ಟ ವಿಷಯಗಳ ಮೇಲೆ. ಯಾವ ಸೊಸೆ ಓದು ಬಿಟ್ಟಳು, ಯಾವ ಅಣ್ಣನ ಪಾಲು ಯಾರು ತಿಂದರು, ಯಾರನ್ನು ಯಾರಿಗೆ ಒಲ್ಲೆನೆಂದರೂ ಕೊಟ್ಟರು, ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಬಾಂಧವ್ಯ ಉಳಿಯಲಿ ಎಂದೇ ಹಿರಿಯರು ಸುಮ್ಮನಿದ್ದರು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಆ ಮೌನದ ಬೆಲೆಯನ್ನು ಬಹುಪಾಲು ತೆತ್ತವರು ಹೆಣ್ಣುಮಕ್ಕಳು. ದೂರದ ಊರು ಸೇರಿ ವಾರಕ್ಕೊಮ್ಮೆ ‘ಊಟ ಆಯ್ತಾ, ಮಳೆ ಬಂತಾ’ ಎನ್ನುವ ನೀವು ಅದನ್ನೇ ಮುಂದುವರಿಸಬೇಡಿ.

ಈ ಭಾನುವಾರ ಊರಿಗೆ ಹೋಗುವವರು ಮನೆಯ ಹಳೇ ಅಲ್ಬಮ್ ತೆಗೆದು ಅಮ್ಮನ ಪಕ್ಕ ಕೂಡಿ. ಯಾರ ಮುಖ ಬಂದಾಗ ಅವರು ಬೇಗ ಪುಟ ತಿರುಗಿಸುತ್ತಾರೋ ಅಲ್ಲಿ ಮೆಲ್ಲಗೆ ಕೇಳಿ. ಹೇಳಿದರೆ ಕೇಳಿಸಿಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ, ಯಾರು ಸರಿ ಯಾರು ತಪ್ಪು ಎಂದು ತೀರ್ಪು ಕೊಡಬೇಡಿ. ಹೇಳದಿದ್ದರೆ ಬಲವಂತ ಬೇಡ. ಬುಧವಾರದ ತಾಲೀಮಿಗೆ ನಾನೂ ಬರುತ್ತೇನೆ. ಅಡುಗೆಮನೆಯ ದೃಶ್ಯದಿಂದಲೇ ಶುರುಮಾಡೋಣ.